ಗುಳಿಗಿಗೆ ಯಾವ ಕಾರ್ಡು?

ಇಳಕಲ್ಲಿನ ಕುಣಿಮಗ್ಗದಲ್ಲಿ ಸೊಂಟ ಸವೆಸಿದವರು, ಹುನಗುಂದ ಸೀಮೆಯ ಗ್ರಾನೈಟ್ ಖಣಿಗಳ ಧೂಳು ನುಂಗಿದವರು ನಮ್ಮ ಅವ್ವ-ಅಪ್ಪಂದಿರು. ಎಪ್ಪತ್ತು ದಾಟಿದವರಿಗೆಲ್ಲ ಆಯುಷ್ಮಾನ್ ಕಾರ್ಡು, ವರ್ಷಕ್ಕೆ 5 ಲಕ್ಷ ಎಂದು 2024ರಲ್ಲಿ ದಿಲ್ಲಿ ಡಂಗುರ ಹೊಡೆಯಿತು. ಆ ದುಡ್ಡು ಆಸ್ಪತ್ರೆಯ ಮಂಚದ ಮೇಲೆ ಮಲಗಿದವರಿಗೆ. ದಿನಾ ನುಂಗೋ ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗಿಗೆ ನಯಾಪೈಸೆ ಇಲ್ಲ. ಸಂಧ್ಯಾ ಸುರಕ್ಷೆಯ ತಿಂಗಳ 1,200 ರೂಪಾಯಿಯಲ್ಲೇ ಜೋಳ, ಅದರಲ್ಲೇ ಗುಳಿಗಿ, ಅದರಲ್ಲೇ ಬಾದಾಮಿಯಿಂದ ಬಾಗಲಕೋಟೆಗೆ ಅಪ್ಪನ ಬಸ್ ಚಾರ್ಜು (ಅವ್ವಗೆ ಬಸ್ಸಾದರೂ ಪುಕ್ಕಟೆ).

ಖಾಸಗಿ ವಿಮೆ ಮಾಡಿಸ್ರಿ ಅಂತಾರೆ ಬುದ್ಧಿವಂತರು. ವಯಸ್ಸು ಏರಿದಂಗ ಕಂತು ಏರತೈತಿ. ಮೊದಲೇ ಇದ್ದ ರೋಗಕ್ಕೆ 3 ವರ್ಷದವರೆಗೂ ಕಾಯಿಸಬಹುದೆಂಬ ನಿಯಮವೂ ಐತಿ. ದಮ್ಮು ಹತ್ತಿದ ಮುದುಕ 3 ವರ್ಷ ಉಸಿರು ಬಿಗಿಹಿಡಿಯಬೇಕೇನು?

ಸಂಗಾತಿಗಳೇ, ಊರೂರಿನ ಔಷಧಿ ಚೀಟಿ ಕೂಡಿಸಿರಿ. ಹಳ್ಳಿ ದವಾಖಾನೆಯಲ್ಲೇ ತಿಂಗಳ ಪೂರ್ತಿ ಗುಳಿಗಿ ಕೊಡಿರೆಂದು ತಾಲೂಕು ಕಚೇರಿ ಮುಂದೆ ಕೂಡೋಣ.