ಕೈಗೆಟುಕದ ಬೋಲ್ಟು

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರಗಳನ್ನು ಕುರಿತ ಲೇಖನಗಳು ತಪ್ಪದೆ ಬರುತ್ತವೆ, ಬರಬೇಕಾದುದೇ. ಆದರೆ ಬೋಲ್ಟನ್ನು ಕುರಿತು ಈವರೆಗೆ ಯಾರೂ ಬರೆದಂತೆ ಕಾಣೆ. ಬಿ.ಎ. ತರಗತಿಯವನಿಗೂ ಬೋಲ್ಟಿಗೂ ಎತ್ತಣ ಸಂಬಂಧವೆಂದು ಸಹಪಾಠಿ ಮಿತ್ರರು ನಗಬಹುದು. ಸಂಬಂಧ ಉಂಟೆಂಬುದೇ ನನ್ನ ವಾದ. ಅದನ್ನು ಪೂರ್ತಿ ಓದಿದ ಮೇಲೆ ನಗುವುದಾದರೆ ನನ್ನ ಆಕ್ಷೇಪಣೆಯಿಲ್ಲ.

ಕರಾವಳಿಯ ವಿದ್ಯಾವಂತರ ಬಾಯಲ್ಲಿ ಒಂದು ಮಾತು ಆಗಾಗ ಕೇಳಿಬರುವುದುಂಟು: "ಮೀನುಗಾರರ ಕೈಗೆ ಯಂತ್ರ ಕೊಟ್ಟರೆ ಅದು ಬಾಳುವುದಿಲ್ಲ. ಕಾಲಕಾಲಕ್ಕೆ ಬಿಚ್ಚಿ ನೋಡುವ ಅಭ್ಯಾಸವೇ ಅವರಿಗಿಲ್ಲ." ಹೀಗೆನ್ನುವವರಲ್ಲಿ ಬಹುಮಂದಿ ನಾಡದೋಣಿಯ ಹಿಂಬದಿಯಲ್ಲಿ ತೂಗುವ ಆ ಮೋಟಾರಿನ ಮುಚ್ಚಳವನ್ನು ಒಮ್ಮೆಯಾದರೂ ತೆಗೆದು ನೋಡಿದವರಲ್ಲ. ನಾನು ನೋಡಿದ್ದೇನೆ. ಅಲ್ಲಿ ಕಂಡದ್ದು ಸೋಮಾರಿತನವಲ್ಲ. ಕೈಯೂ ಹೋಗದ, ಪಾನವೂ ಹೋಗದ ಮೂಲೆಗಳಲ್ಲಿ ಅಡಗಿ ಕುಳಿತ ಬೋಲ್ಟುಗಳು.

(ಪಾನವೆಂದೊಡನೆ ಪಾನನಿರೋಧವನ್ನು ನೆನೆಯುವವರಿಗಾಗಿ ಒಂದು ಮಾತು. ಗ್ಯಾರೇಜಿನ ಭಾಷೆಯಲ್ಲಿ ಪಾನವೆಂದರೆ ಬೋಲ್ಟು ತಿರುಗಿಸುವ ಸ್ಪ್ಯಾನರು. ಮುಂದೆಯೂ ಅದೇ ಅರ್ಥ.)

ದೋಣಿಯ ಹೊರಗೆ ತೂಗುಹಾಕುವ ಈ ಬಗೆಯ ಯಂತ್ರಗಳು ಹೊಸವೇನೂ ಅಲ್ಲ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಓಲೆ ಎವಿನ್‌ರೂಡ್ ಎಂಬಾತನು 1909ರಲ್ಲಿ ಇವನ್ನು ಮಾರಾಟಕ್ಕೆ ತಂದನು. ಜಪಾನಿನ ಯಮಾಹಾ ಕಂಪೆನಿಯ ಮೊದಲ ಔಟ್‌ಬೋರ್ಡ್ ಮೋಟಾರು ಬಂದುದು 1960ರಲ್ಲಿ. ಇಂದು ನಮ್ಮ ತೀರದ ನಾಡದೋಣಿಗಳಲ್ಲಿ ಕಾಣುವವು ಹೆಚ್ಚಾಗಿ ಜಪಾನೀ ಹೆಸರಿನ ಮೋಟಾರುಗಳೇ. ಮೇಲೆ ಎಂಜಿನು, ನಡುವೆ ಉದ್ದವಾದ ಕಾಲು, ನೀರಿನೊಳಗೆ ಗೇರು ಮತ್ತು ಪಂಕ. ಎಂಜಿನನ್ನು ತಂಪಾಗಿಡುವುದು ಸಮುದ್ರದ ನೀರೇ. ಆ ನೀರನ್ನು ಮೇಲಕ್ಕೆ ತಳ್ಳುವುದು ಗೇರಿನ ಪೆಟ್ಟಿಗೆಯ ತಲೆಯ ಮೇಲೆ ಕುಳಿತಿರುವ ಅಂಗೈಗಿಂತ ಚಿಕ್ಕದಾದ ಒಂದು ರಬ್ಬರಿನ ಚಕ್ರ. ಅದಕ್ಕೆ ಇಂಪೆಲ್ಲರ್ ಎನ್ನುವರು. ಮರಳುನೀರಿನಲ್ಲಿ ಅದರ ರೆಕ್ಕೆಗಳು ಸವೆಯುತ್ತವೆ. ಸವೆದರೆ ನೀರು ಏರದು. ನೀರು ಏರದಿದ್ದರೆ ಎಂಜಿನು ಕಾದು ಪಿಸ್ಟನ್ನು ಹಿಡಿದುಕೊಳ್ಳುವುದು. ರಬ್ಬರಿನ ಚಕ್ರಕ್ಕೆ ತಗಲುವ ಹಣ ಅಲ್ಪ. ಹಿಡಿದುಕೊಂಡ ಎಂಜಿನಿಗೆ ತಗಲುವ ಹಣ ಒಂದು ಸಂಸಾರವನ್ನು ಸಾಲಕ್ಕೆ ನೂಕಬಲ್ಲುದು.

ಅದೂ ಯಾವ ಕಾಲದಲ್ಲಿ? ನಮ್ಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ದೊಡ್ಡ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಣ್ಣ ಮೋಟಾರಿನ ನಾಡದೋಣಿಯವರಿಗೆ ಮಾತ್ರ ಆಗ ಅವಕಾಶ. ಕಡಲು ಒಪ್ಪಿದ ಕೆಲವೇ ದಿನಗಳಲ್ಲಿ ವರ್ಷದ ಗಳಿಕೆಯ ದೊಡ್ಡ ಪಾಲು ಬರಬೇಕು. ಅಂಥ ಒಂದು ದಿನ ಮೋಟಾರು ದಂಡೆಯ ಮೇಲೆ ಮಲಗಿದರೆ ದೋಣಿಯ ಒಡೆಯನೊಬ್ಬನಲ್ಲ, ಬಲೆ ಎಳೆಯುವ ಪ್ರತಿಯೊಬ್ಬನ ಮನೆಯ ಒಲೆಯೂ ಲೆಕ್ಕಕ್ಕೆ ಬರುತ್ತದೆ. ಅಳಿವೆಯ ಬಾಯಲ್ಲಿ, ಎದುರಿಗೆ ತೆರೆ ಏಳುತ್ತಿರುವಾಗ ನಿಂತಿತೆಂದರೆ ಗಳಿಕೆಯ ಮಾತು ಹಾಗಿರಲಿ, ಜೀವದ ಮಾತೇ ಬೇರೆ.

ಹಾಗಾದರೆ ಆ ರಬ್ಬರಿನ ಚಕ್ರವನ್ನು ಏಕೆ ಬದಲಿಸುವುದಿಲ್ಲ? ಬದಲಿಸಬೇಕಾದರೆ ಗೇರಿನ ಪೆಟ್ಟಿಗೆಯನ್ನು ಕಾಲಿನಿಂದ ಬೇರ್ಪಡಿಸಬೇಕು. ಕಣ್ಣಿಗೆ ಕಾಣುವ ಬೋಲ್ಟುಗಳನ್ನೆಲ್ಲ ಬಿಚ್ಚಿದರೂ ಹಲವು ಮಾದರಿಗಳಲ್ಲಿ ಪೆಟ್ಟಿಗೆ ಕದಲುವುದಿಲ್ಲ. ಏಕೆಂದರೆ ಪಂಕದ ಮೇಲ್ಗಡೆ, ಮೀನಿನ ಈಜುರೆಕ್ಕೆಯಂತೆ ಕಾಣುವ ಒಂದು ಸಣ್ಣ ತುಂಡಿದೆ. ಟ್ರಿಮ್ ಟ್ಯಾಬೆಂದು ಅದರ ಹೆಸರು. ಅದನ್ನು ತೆಗೆದರೆ ಆಳವಾದ ಗುಳಿ, ಗುಳಿಯ ತಳದಲ್ಲಿ ಇನ್ನೊಂದು ಬೋಲ್ಟು. ಇದನ್ನರಿಯದವನು ಉಳಿಯಿಟ್ಟು ಸುತ್ತಿಗೆಯಿಂದ ಬಡಿಯುತ್ತಾನೆ. ಅಲ್ಯೂಮಿನಿಯಮ್ಮಿನ ಕವಚ ಸೀಳುತ್ತದೆ. ಅರಿತವನೂ ಬಾಗಿದ ರಿಂಗ್ ಪಾನವೊಂದೇ ಕೈಯಲ್ಲಿದ್ದರೆ ಏನು ಮಾಡಿಯಾನು? ಅಲ್ಲಿಗೆ ಹೋಗುವುದು ಎಕ್ಸ್‌ಟೆನ್ಷನ್ ಸರಳಿಗೆ ಸಿಕ್ಕಿಸಿದ ಸಾಕೆಟ್ಟು ಮಾತ್ರ.

ಉಪ್ಪಿನ ಕಥೆ ಬೇರೆ. ತುಕ್ಕು ಹಿಡಿಯದ ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ಮಿನೊಳಗೆ ಕುಳಿತು, ನಡುವೆ ಉಪ್ಪುನೀರು ಸೇರಿದರೆ ಅದು ಒಂದು ಬ್ಯಾಟರಿಯಂತೆ ವರ್ತಿಸುತ್ತದೆ. ಅಲ್ಯೂಮಿನಿಯಂ ಕರಗಿ ಬಿಳಿಯ ಪುಡಿಯಾಗುತ್ತದೆ. ಆ ಪುಡಿ ಲೋಹಕ್ಕಿಂತ ಹೆಚ್ಚು ಸ್ಥಳ ಬೇಡುವುದರಿಂದ ಮರೆಗಳ ನಡುವೆ ಬಿಗಿದು ಬೋಲ್ಟನ್ನು ಹಿಡಿದುಬಿಡುತ್ತದೆ. ಅಂಥದಕ್ಕೆ ಬಲ ತೋರಿಸಿದರೆ ತಿರುಗುವುದು ಬೋಲ್ಟಲ್ಲ, ಮುರಿಯುವುದು ಅದರ ತಲೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಮೆಲ್ಲನೆ ತಟ್ಟಿ, ಮೊದಲು ಕೂದಲೆಳೆಯಷ್ಟು ಬಿಗಿಸಿ ಆಮೇಲೆ ಸಡಿಲಿಸಬೇಕು. ಹಾಕುವಾಗ ಗ್ರೀಸು ಸವರಿದ್ದರೆ ಮುಂದಿನ ಸಲ ಇಷ್ಟು ಪಾಡಿಲ್ಲ.

ಇನ್ನು ಅಳತೆಯ ಗೊಂದಲ. 8 ಮಿಲಿಮೀಟರು ದಪ್ಪದ ಬೋಲ್ಟಿಗೆ ಜಪಾನಿನವರು ಸಾಮಾನ್ಯವಾಗಿ 12ರ ತಲೆಯನ್ನಿಡುತ್ತಾರೆ. ನಮ್ಮ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡರೆ ಅದೇ ಬೋಲ್ಟಿಗೆ 13ರ ತಲೆ. ಕಳೆದುಹೋದ ಒಂದು ಬೋಲ್ಟಿಗೆ ಬದಲಾಗಿ ಪೇಟೆಯದನ್ನು ಹಾಕಿದರೆ ಅಕ್ಕಪಕ್ಕದ ಎರಡು ಬೋಲ್ಟುಗಳಿಗೆ ಎರಡು ಪಾನ ಬೇಕಾಗುತ್ತದೆ. ಕತ್ತಲಲ್ಲಿ, ಮಳೆಯಲ್ಲಿ, 13ರ ಬಾಯನ್ನು 12ರ ತಲೆಗೆ ಕೊಟ್ಟು ತಿರುಗಿಸಿದರೆ ಆರು ಮೂಲೆಗಳೂ ಉರುಟಾಗುತ್ತವೆ. ಆಮೇಲೆ ಯಾವ ಪಾನವೂ ಹಿಡಿಯದು. ದುರದೃಷ್ಟವೆಂದರೆ ಪೇಟೆಯ ಪಾನಗಳಲ್ಲಿ 12 ಮತ್ತು 13 ಒಂದೇ ಕೋಲಿನ ಎರಡು ತುದಿಗಳು! ಜಪಾನಿನ ಅಡ್ಡಗೆರೆ ಸ್ಕ್ರೂಗಳದ್ದೂ ಇದೇ ಪಾಡು. ನಮ್ಮಲ್ಲಿ ಸಿಗುವ ಫಿಲಿಪ್ಸ್ ಸ್ಕ್ರೂಡ್ರೈವರು ಅವುಗಳಲ್ಲಿ ಪೂರ್ತಿ ಕೂರದೆ ಮೇಲಕ್ಕೆ ಜಾರುತ್ತದೆ.

ನಮ್ಮ ಊರಿನ ದಕ್ಕೆಯ ಬಳಿ ಶೆಡ್ಡು ಹಾಕಿಕೊಂಡಿರುವ ಒಬ್ಬ ಮೆಕ್ಯಾನಿಕರು ಕಾರ್ಬುರೇಟರಿನ ಹಿಂದಣ ನಟ್ಟನ್ನು ಬಿಚ್ಚುವುದನ್ನು ನಾನು ಒಂದು ಭಾನುವಾರ ಪೂರ್ತಿ ನೋಡಿದೆ. ಕಾರ್ಬುರೇಟರಿಗೂ ಎಂಜಿನಿಗೂ ನಡುವೆ ಒಂದು ಬೆರಳಿನ ಸಂದು. ಅವರು ಮೊದಲು ಪಾನಕ್ಕೆ ಕೈ ಹಾಕಲಿಲ್ಲ. ಕಿರುಬೆರಳನ್ನು ಹಾಕಿ ಕಣ್ಣು ಮುಚ್ಚಿ ಕುಳಿತರು.

"ಏನು ನೋಡ್ತೀರಿ ಅಣ್ಣ?" ಎಂದೆ.

"ತಲೆ ಎತ್ತ ಮುಖ ಮಾಡಿದೆ ಅಂತ ನೋಡ್ತೇನೆ, ತಮ್ಮ. ಪಾನ ಹೋದ್ರೆ ಸಾಲದು. ಹೋದ ಮೇಲೆ ತಿರುಗಲಿಕ್ಕೆ ಜಾಗ ಬೇಕು" ಎಂದರು.

ಈ ಒಂದು ಮಾತಿನಲ್ಲಿ ಜ್ಯಾಮಿತಿಯೇ ಇದೆ. ಆರು ಮೂಲೆಯ ತಲೆಯನ್ನು ತೆರೆದ ಬಾಯಿಯ ಪಾನದಿಂದ ಹಿಡಿದರೆ, ಮತ್ತೊಮ್ಮೆ ಹಿಡಿಯಲು 60 ಅಂಶ ತಿರುಗಿಸಬೇಕು. ಪಾನದ ಬಾಯನ್ನು ಹಿಡಿಗೆ 15 ಅಂಶ ಓರೆಯಾಗಿ ಮಾಡಿರುವುದರಿಂದ ಪ್ರತಿ ಸಲ ಅದನ್ನು ಮಗುಚಿ ಹಾಕಿದರೆ 30 ಅಂಶ ಸಾಕು. ಹನ್ನೆರಡು ಮೂಲೆಯ ರಿಂಗ್ ಪಾನಕ್ಕೂ 30 ಅಂಶವೇ. 72 ಹಲ್ಲಿನ ರ‍್ಯಾಚೆಟ್ಟಿಗಾದರೋ 5 ಅಂಶದಷ್ಟು ಅಲುಗಲು ಎಡೆಯಿದ್ದರೆ ಸಾಕು. ಪಾನದ ಓರೆಬಾಯಿ ಮಾಡಿದವನ ಕೈತಪ್ಪೆಂದು ನಾನು ಬಹುಕಾಲ ಕೇಳುತ್ತ ಬಂದ ಮಾತು. ಅದೊಂದು ಉಪಾಯವೆಂದು ನನಗೆ ತಿಳಿಸಿದ್ದು ಪಠ್ಯಪುಸ್ತಕವಲ್ಲ, ಆ ಶೆಡ್ಡು. ಕೊನೆಗೆ ಅವರು ಗೋಣಿಚೀಲದಿಂದ ಅರ್ಧಚಂದ್ರಾಕಾರದ ಒಂದು ಪಾನವನ್ನು ತೆಗೆದರು. ಅಂಗಡಿಯದಲ್ಲ, ಹಳೆಯ ರಿಂಗ್ ಪಾನವನ್ನು ಕೆಂಪಗೆ ಕಾಯಿಸಿ ಬಗ್ಗಿಸಿ, ಅಂಚನ್ನು ಉಜ್ಜಿ ತೆಳ್ಳಗೆ ಮಾಡಿದ್ದು. ನಟ್ಟು ಬಂತು.

ಇಂಥ ಬುದ್ಧಿಯನ್ನು ನಾವು "ಕೈಕೆಲಸ"ವೆಂದು ಕರೆದು ಪಕ್ಕಕ್ಕಿಡುತ್ತೇವೆ. ಪೂಜ್ಯ ಅಧ್ಯಾಪಕರು ಕ್ಷಮಿಸಬೇಕು, ತರ್ಕಶಾಸ್ತ್ರವೆಂದು ನಾವು ತರಗತಿಯಲ್ಲಿ ಓದುವುದಕ್ಕೂ ಆ ಕಿರುಬೆರಳಿನ ವಿಚಾರಣೆಗೂ ನನಗೆ ಹೆಚ್ಚಿನ ಅಂತರ ಕಾಣದು.

"ಕಂಪೆನಿಯ ಸರ್ವಿಸ್ ಕೇಂದ್ರಕ್ಕೆ ಒಯ್ದರಾಯಿತು" ಎನ್ನುವವರಿದ್ದಾರೆ. ಒಯ್ಯಬಹುದು. ಮೋಟಾರನ್ನು ದೋಣಿಯಿಂದ ಇಳಿಸಿ, ಟೆಂಪೋ ಹತ್ತಿಸಿ, ಸರದಿ ಕಾದು ಮರಳಿ ತರುವಷ್ಟರಲ್ಲಿ ಕಡಲು ಒಪ್ಪಿದ ದಿನಗಳು ಮುಗಿದಿರುತ್ತವೆ. ಐದು ನಿಮಿಷದ ಕೆಲಸಕ್ಕೆ ಐದು ದಿನ! ಮೋಟಾರಿನೊಂದಿಗೆ ಬರುವ ಪುಟ್ಟ ಸಲಕರಣೆಯ ಚೀಲವಾದರೋ ಪ್ಲಗ್ಗು ಬಿಚ್ಚುವುದಕ್ಕೆ ಸಾಕು, ಅದಕ್ಕಿಂತ ಆಚೆಗೆ ಹೋಗದು.

ಆದುದರಿಂದ ನನ್ನ ಸಲಹೆ ಸರಳವಾದುದು. ಪ್ರತಿಯೊಂದು ಮೀನುಗಾರರ ಸಹಕಾರ ಸಂಘವೂ ಒಂದು ಪೆಟ್ಟಿಗೆಯನ್ನು ಇಡಲಿ. ಅದರಲ್ಲಿ 10, 12, 13, 14ರ ಆಳವಾದ ಸಾಕೆಟ್ಟುಗಳಿರಲಿ. ಹನ್ನೆರಡು ಮೂಲೆಯವಲ್ಲ, ಆರು ಮೂಲೆಯವು, ಏಕೆಂದರೆ ಸವೆದ ತಲೆಯನ್ನು ಅವೇ ಚೆನ್ನಾಗಿ ಹಿಡಿಯುವುವು. ಸಣ್ಣ ಹಲ್ಲಿನ ಒಂದು ರ‍್ಯಾಚೆಟ್, ಗಿಡ್ಡ ಮತ್ತು ಉದ್ದ ಎಕ್ಸ್‌ಟೆನ್ಷನ್ನುಗಳು, ಓರೆಯಲ್ಲಿ ತಿರುಗಲು ಒಂದು ಯೂನಿವರ್ಸಲ್ ಜಾಯಿಂಟು, ಅರ್ಧಚಂದ್ರದ ಪಾನ, ಜಪಾನೀ ಸ್ಕ್ರೂಗೆ ಸರಿಯಾದ ಸ್ಕ್ರೂಡ್ರೈವರು. ಒಂದು ಹೊಸ ಮೋಟಾರಿನ ಬೆಲೆಯ ಮುಂದೆ ಇದರ ಬೆಲೆ ಏನೇನೂ ಅಲ್ಲ. ಒಯ್ದವರು ಮರಳಿಸುವುದಿಲ್ಲವೆಂಬ ಭಯವೇ? ಪೆಟ್ಟಿಗೆಯನ್ನು ಮನೆಗೆ ಕೊಡುವುದೇ ಬೇಡ; ಮೋಟಾರು ಅಲ್ಲಿಗೆ ಬರಲಿ, ಬಲೆ ಹೆಣೆಯಲು ಒಂದೆಡೆ ಕುಳಿತುಕೊಳ್ಳುವವರು ಬೋಲ್ಟು ಬಿಚ್ಚಲೂ ಒಂದೆಡೆ ಕುಳಿತುಕೊಳ್ಳಬಲ್ಲರು.

ಎರಡನೆಯದು ನಮಗೆ, ಕಲಾ ವಿಭಾಗದವರಿಗೆ ಸಂಬಂಧಿಸಿದ್ದು. ಮೋಟಾರಿನ ಕೈಪಿಡಿ ಇಂಗ್ಲಿಷಿನಲ್ಲಿದೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನಾದ್ದರಿಂದ ಅದನ್ನು ಓದಿ ಹೇಳುವ ಕೆಲಸ ನನಗೆ ಬಂದಿತು. ನಾನು ವಾಕ್ಯ ಓದುತ್ತಿದ್ದೆ; ಆ ಮೆಕ್ಯಾನಿಕರು ಭಾಗವನ್ನು ಮುಟ್ಟಿ ತೋರಿಸುತ್ತಿದ್ದರು. ಪದ ನನ್ನಲ್ಲಿ, ಅರ್ಥ ಅವರಲ್ಲಿ. ಇಬ್ಬರೂ ಒಂದೆಡೆ ಕೂತು ಯಾವ ಬೋಲ್ಟು ಎಲ್ಲಿದೆ, ಅದರ ತಲೆ ಎಷ್ಟರದು, ಅದಕ್ಕೆ ಯಾವ ದಾರಿಯಿಂದ ಯಾವ ಪಾನ ಹೋಗುವುದೆಂದು ಕನ್ನಡದಲ್ಲಿ ಬರೆದಿಟ್ಟರೆ ಒಂದು ಪುಟ್ಟ ಪುಸ್ತಕವಾದೀತು. ಪದವಿ ಪಡೆದು ಊರಿಗೆ ಏನು ಮಾಡುವಿರೆಂದು ಸಮಾರಂಭಗಳಲ್ಲಿ ನಮ್ಮನ್ನು ಕೇಳುತ್ತಾರಲ್ಲ, ಇದನ್ನು ಮಾಡಬಹುದು. ಎಂಜಿನಿಯರಿಂಗ್ ಓದಿದವರು ಮಾಡಲೆಂದು ಕಾಯುವುದಾದರೆ ಅವರಿಗೆ ಶೆಡ್ಡಿನ ನುಡಿ ಬರಬೇಕಷ್ಟೆ.

ಮೂವರು ಗೆಳೆಯರು ಕೂಡಿ ಆ ಪಟ್ಟಿಯನ್ನು ಆರಂಭಿಸಿದ್ದೇವೆ. ಹೆಸರುಗಳ ವಿಷಯದಲ್ಲಿ ಭಾಷಾ ವಿಭಾಗದ ಗುರುಗಳ ಸಹಾಯ ಬೇಕು. ಪಾರಿಭಾಷಿಕ ಪದಗಳನ್ನು ಟಂಕಿಸಿಕೊಡಿರೆಂದು ಅಲ್ಲ, ಶೆಡ್ಡಿನಲ್ಲಿ ಆಗಲೇ ಇರುವ ಪದಗಳನ್ನು ತಿದ್ದದೆ ಬಿಡಿರೆಂದು. ಟ್ರಿಮ್ ಟ್ಯಾಬಿನ ಹಿಂದೆ ಅಡಗಿರುವ ಬೋಲ್ಟಿಗೆ ಅಲ್ಲಿ "ಕಳ್ಳ ಬೋಲ್ಟು" ಎಂದು ಹೆಸರು. ಪಟ್ಟಿಯಲ್ಲಿ ಹಾಗೆಯೇ ಬರೆದುಕೊಂಡು, ಎದುರಿಗೆ ಅದರ ತಲೆಯ ಅಳತೆಯನ್ನೂ ಟ್ಯಾಬನ್ನು ತೆಗೆಯುವ ಮುನ್ನ ಅದಿದ್ದ ಓರೆಯನ್ನು ಗೀರಿ ಗುರುತಿಟ್ಟುಕೊಳ್ಳಬೇಕೆಂಬ ಸೂಚನೆಯನ್ನೂ ಸೇರಿಸಿದ್ದೇನೆ. ಓರೆ ತಪ್ಪಿದರೆ ದೋಣಿ ಒಂದು ಪಕ್ಕಕ್ಕೆ ಎಳೆಯುತ್ತದೆ.