ಅಳಿಸುವ ಮುನ್ನ ಕಾರಣ ಬರೆಯಿರಿ

ಕಾಪುವಿನಲ್ಲಾಗಲಿ ಕಾರ್ಕಳದಲ್ಲಾಗಲಿ ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವವು ನಿಶ್ಚಯವಾಯಿತೆಂದರೆ, ಅದರ ಆಮಂತ್ರಣಪತ್ರಿಕೆಯನ್ನೂ ಸ್ಮರಣಸಂಚಿಕೆಯನ್ನೂ ಸಿದ್ಧಪಡಿಸುವ ಕಾರ್ಯವು ಇಂದು ಊರಿನ ಸಮಿತಿಯ ನಾಲ್ವರಿಗೆ ಸೀಮಿತವಾಗಿ ಉಳಿದಿಲ್ಲ. ಮುಂಬಯಿಯಲ್ಲಿ ಹೋಟೆಲು ನಡೆಸುವವರೂ, ದುಬಾಯಿಯಲ್ಲಿ ಉದ್ಯೋಗದಲ್ಲಿರುವವರೂ, ಮಣಿಪಾಲದಲ್ಲಿ ಓದುತ್ತಿರುವ ತರುಣರೂ ಗೂಗಲ್ ಡಾಕ್ಸಿನ ಒಂದೇ ಪುಟವನ್ನು ತೆರೆದುಕೊಂಡು ಏಕಕಾಲದಲ್ಲಿ ತಿದ್ದತೊಡಗುತ್ತಾರೆ. ಒಬ್ಬರು ಸ್ಥಳಪುರಾಣಕ್ಕೆ ಒಂದು ವಾಕ್ಯವನ್ನು ಸೇರಿಸುವಷ್ಟರಲ್ಲಿ ಇನ್ನೊಬ್ಬರು ಅದನ್ನು ಅಳಿಸಿರುತ್ತಾರೆ. ಗೌರವಾಧ್ಯಕ್ಷರ ಹೆಸರು ರಾತ್ರಿ ಇದ್ದ ಸಾಲಿನಲ್ಲಿ ಬೆಳಗ್ಗೆ ಇರುವುದಿಲ್ಲ. ಯಾರು, ಯಾವಾಗ, ಏನನ್ನು ಬದಲಿಸಿದರೆಂಬುದಕ್ಕೆ ಅಲ್ಲಿ ನಿಮಿಷ ನಿಮಿಷದ ದಾಖಲೆಯುಂಟು. ಏಕೆ ಬದಲಿಸಿದರೆಂಬುದಕ್ಕೆ ಮಾತ್ರ ಯಾವ ದಾಖಲೆಯೂ ಇಲ್ಲ.

ಬಹುಜನರು ಕೂಡಿ ಬರೆಯುವುದು ಉಡುಪಿ ಜಿಲ್ಲೆಗೆ ಹೊಸತಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿರುವ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ, ಕು.ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ 1979ರಲ್ಲಿ ಮೊದಲಾದ ತುಳು ನಿಘಂಟಿನ ಯೋಜನೆಯು, ಡಾ. ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಾಗಿ ಪ್ರಕಟವಾಯಿತು. ಪಾಡ್ದನಗಳೆಂಬ ಜನಪದ ಹಾಡುಗಳಿಂದಲೂ, ರೈತರ ಹಾಗೂ ಕಸುಬುದಾರರ ಬಾಯಿಮಾತಿನಿಂದಲೂ ಶಬ್ದಗಳನ್ನು ಆಯ್ದು ತಂದವರು ಹಲವರು. ಆದರೆ ಯಾವುದು ಎಲ್ಲಿ ನಿಲ್ಲಬೇಕೆಂಬ ನಿರ್ಣಯಕ್ಕೆ ಉತ್ತರ ಹೇಳಬಲ್ಲವರೊಬ್ಬರು ಇದ್ದರು. ತಲೆಗೆ ಸಾಮಾನ್ಯ ತುಳುವಿನಲ್ಲಿ ‘ತರೆ’ ಎನ್ನುವರು. ಜೈನರ ಮಾತಿನಲ್ಲಿ ಅದೇ ‘ಹರೆ’. ಇಂತಹ ಪ್ರಾದೇಶಿಕ, ಸಾಮಾಜಿಕ ಭೇದಗಳಲ್ಲಿ ಒಂದನ್ನು ಶುದ್ಧವೆಂದು ಎತ್ತಿ, ಉಳಿದುದನ್ನು ತಪ್ಪೆಂದು ತಳ್ಳದೆ, ಎಲ್ಲಕ್ಕೂ ಸ್ಥಾನವಿತ್ತುದು ಆ ನಿಘಂಟಿನ ಹಿರಿಮೆ.

ಅನೇಕ ವರ್ಷ ಪರೀಕ್ಷಾವಸ್ಥೆಯಲ್ಲಿದ್ದು 2016ರ ಆಗಸ್ಟಿನಲ್ಲಿ ಲೋಕಾರ್ಪಣೆಗೊಂಡ ತುಳು ವಿಕಿಪೀಡಿಯದಲ್ಲಿ ಇಂತಹ ಸಂಪಾದಕರಿಲ್ಲ. ಅದರಿಂದಾದ ಲಾಭವನ್ನು ಅಲ್ಲಗಳೆಯಲಾಗದು. ಕೆ.ಪಿ. ರಾವ್ ಅವರಂಥವರು ರೂಪಿಸಿದ ಕೀಲಿಮಣೆಯಿಂದ ಕನ್ನಡ ಲಿಪಿಯು ಎಲ್ಲರ ಬೆರಳಿಗೂ ಒಲಿದಿರಲಾಗಿ, ಮೀನಿನ ಹೆಸರೊಂದು ತಪ್ಪಾಗಿದ್ದರೆ ಕಾಪುವಿನ ಮೊಗವೀರ ಮಹಿಳೆಯೊಬ್ಬಳು ಯಾವ ವಿದ್ವಾಂಸರ ಅಪ್ಪಣೆಗೂ ಕಾಯದೆ ತಾನೇ ಮೊಬೈಲಿನಲ್ಲಿ ತಿದ್ದಬಹುದು. ಆದರೆ ಕಾರ್ಕಳದ ಜೈನನೊಬ್ಬನು ಬರೆದ ‘ಹರೆ’ಯನ್ನು ಅಕ್ಷರದೋಷವೆಂದು ಭಾವಿಸಿ ಅಳಿಸುವ ಅಧಿಕಾರವೂ ಪರರಿಗೆ ಅಷ್ಟೇ ಸುಲಭವಾಗಿ ದೊರೆತಿದೆಯೆಂಬುದನ್ನು ಮರೆಯಲಾಗದು. ಪ್ರತಿಯೊಂದು ಲೇಖನದ ಹಿಂದೆಯೂ ಇತಿಹಾಸದ ಪುಟದೊಡನೆ ಚರ್ಚೆಯ ಪುಟವೂ ಉಂಟು. ಮೊದಲನೆಯದನ್ನು ಯಂತ್ರವೇ ತುಂಬುತ್ತದೆ, ಎರಡನೆಯದನ್ನು ಮನುಷ್ಯರು ತುಂಬಬೇಕು. ಎಷ್ಟೋ ಲೇಖನಗಳಲ್ಲಿ ಎರಡನೆಯದು ಬರಿದಾಗಿಯೇ ಇರುವುದು.

ಇದಕ್ಕೆ ಯಂತ್ರವನ್ನು ದೂರಿ ಫಲವಿಲ್ಲ. ಕಾರಣವು ನಮ್ಮ ದಾಕ್ಷಿಣ್ಯದಲ್ಲಿದೆ. ಸಮಿತಿಯ ಸಭೆಯಲ್ಲಿ ಹಿರಿಯರೊಬ್ಬರು ಆಡಿದ ಮಾತಿಗೆ ಎದುರಾಡಲು ಅಂಜುವ ನಾವು, ಅವರು ಬರೆದ ವಾಕ್ಯವನ್ನು ಮಧ್ಯರಾತ್ರಿಯಲ್ಲಿ ಮೌನವಾಗಿ ತೆಗೆದುಹಾಕಲು ಹಿಂಜರಿಯುವುದಿಲ್ಲ. ಮುಖ ಕಾಣದಲ್ಲಿ ದಾಕ್ಷಿಣ್ಯವು ಕಳ್ಳತನವಾಗಿ ಪರಿಣಮಿಸುತ್ತದೆ. ವಾದಿಸಿದರೆ ಮನಸ್ತಾಪವಾದೀತೆಂಬುದು ನಿಜ. ಆದರೆ ಹೇಳದೆ ಅಳಿಸಿದುದು ಗೊತ್ತಾದಾಗ ಆಗುವ ಮನಸ್ತಾಪವು ಅದಕ್ಕಿಂತ ದೀರ್ಘಕಾಲ ಉಳಿಯುವಂಥದು.

ಆದುದರಿಂದ ಕೂಡಿ ಬರೆಯುವ ಯಾವುದೇ ಪುಟಕ್ಕೆ, ಅದು ಸ್ಮರಣಸಂಚಿಕೆಯಾಗಿರಲಿ, ಸಂಘದ ವರದಿಯಾಗಿರಲಿ, ಕೊನೆಯ ಮಾತು ಯಾರದೆಂದು ಮೊದಲೇ ಹೆಸರಿಸಿ ಹೇಳುವುದು ಲೇಸು. ವಿಕಿಪೀಡಿಯದಂತೆ ಹಾಗೆ ಹೆಸರಿಸಲಾಗದಲ್ಲಿ, ಪರರ ವಾಕ್ಯವನ್ನು ಮುಟ್ಟುವವನು ಒಂದು ಸಾಲಿನ ಕಾರಣವನ್ನಾದರೂ ಬರೆದಿಡುವುದು ಕರ್ತವ್ಯ. ವಿದ್ಯಾರ್ಥಿಗಳಿಂದ ವಿಕಿಪೀಡಿಯಕ್ಕೆ ಬರೆಯಿಸುವ ಕಾಲೇಜುಗಳು ಎಷ್ಟು ಸಾಲು ಸೇರಿತೆಂದು ಎಣಿಸುವುದನ್ನು ಬಿಟ್ಟು, ಮಾಡಿದ ತಿದ್ದುಪಡಿಗೆ ಕೊಟ್ಟ ಕಾರಣವು ಸಮಂಜಸವೇ ಎಂದು ನೋಡಿ ಅಂಕ ಕೊಡಲಿ. ಅಳಿಸಿದ ವಾಕ್ಯವನ್ನು ಮರಳಿ ತರುವ ಗುಂಡಿ ಇದ್ದೇ ಇದೆ. ಅಳಿಸಿದವನ ಮೇಲೆ ಬರೆದವನಿಗಿದ್ದ ವಿಶ್ವಾಸವನ್ನು ಮರಳಿ ತರುವ ಗುಂಡಿ ಇಲ್ಲ.