ತಣಿಯದ ರಾತ್ರಿ

2018ರ ಜೂನ್ 26ರಂದು ಒಮಾನಿನ ಕಡಲತೀರದ ಊರು ಕುರಿಯಾತ್‌ನಲ್ಲಿ ಇಡೀ 24 ಗಂಟೆ ಉಷ್ಣಾಂಶ 42.6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲೇ ಇಲ್ಲ. ನಡುರಾತ್ರಿಯೂ ಅಷ್ಟೇ. ನಮ್ಮ ದೇಹದೊಳಗಿನ ಬಿಸಿ ಸುಮಾರು 37 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಅದು ಮೈಯನ್ನು ತಣಿಸುವುದಿರಲಿ, ಇನ್ನಷ್ಟು ಕಾಯಿಸುತ್ತದೆ. ಆಗ ದೇಹಕ್ಕೆ ಉಳಿಯುವ ದಾರಿ ಬೆವರೊಂದೇ. ಬೆವರಿಸುವುದು ನರಮಂಡಲದ ಕೆಲಸ.

ಚರ್ಮದ ತೆಳುವಾದ ನರತಂತುಗಳು ಬಿಸಿಯ ಸುದ್ದಿಯನ್ನು ಬೆನ್ನುಹುರಿಗೆ ಒಯ್ಯುತ್ತವೆ. ಅದು ಮೆದುಳಿನ ಕಾಂಡವನ್ನು ಹಾದು ಹೈಪೊಥಲಾಮಸ್ ತಲುಪುತ್ತದೆ. ಅಲ್ಲಿನ ಕೆಲವು ನರಕೋಶಗಳು ಹರಿಯುವ ರಕ್ತದ ಬಿಸಿಯನ್ನು ತಾವೇ ಅಳೆಯುತ್ತಿರುತ್ತವೆ. ಎರಡನ್ನೂ ಕೂಡಿಸಿ ಹೊರಡುವ ಆಜ್ಞೆ ಸ್ವಾಯತ್ತ ನರಮಂಡಲದ ಸಿಂಪಥೆಟಿಕ್ ನರಗಳ ಮೂಲಕ ಇಳಿಯುತ್ತದೆ; ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಲಕ್ಷಗಟ್ಟಲೆ ಬೆವರುಗ್ರಂಥಿಗಳು ತೆರೆದುಕೊಳ್ಳುತ್ತವೆ. ಸಿಂಪಥೆಟಿಕ್ ನರಗಳ ತುದಿಯಲ್ಲಿ ಸಾಮಾನ್ಯವಾಗಿ ಒಸರುವುದು ನಾರ್‌ಅಡ್ರಿನಲಿನ್. ಬೆವರುಗ್ರಂಥಿಗೆ ಬರುವ ನರಗಳು ಮಾತ್ರ ಅಸಿಟೈಲ್‌ಕೋಲಿನ್ ಸುರಿಸುತ್ತವೆ. ಪಠ್ಯಪುಸ್ತಕದ ಈ ಅಪವಾದಕ್ಕೆ ಕೊಲ್ಲಿ ದೇಶಗಳಲ್ಲಿ ಜೀವದ ಬೆಲೆಯಿದೆ. ನೆಗಡಿ, ಅಲರ್ಜಿಗೆ ಕೊಡುವ ಕೆಲವು ಹಳೆಯ ಮಾತ್ರೆಗಳು ಅಸಿಟೈಲ್‌ಕೋಲಿನ್ನನ್ನೇ ತಡೆಯುತ್ತವೆ. ಊರಿಂದ ಕಟ್ಟಿಕೊಂಡು ಹೋದ ಅಂಥ ಮಾತ್ರೆ ನುಂಗಿ ಬಿಸಿಲಿಗಿಳಿದವನಿಗೆ ಬೆವರು ಕಡಿಮೆಯಾಗಬಹುದು. ಹೋಗುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು.

ಬೆವರು ಬಂದರೆ ಸಾಲದು, ಆರಬೇಕು. ಮಸ್ಕತ್‌ನ ಕಡಲಗಾಳಿಯಲ್ಲಿ ತೇವ ಹೆಚ್ಚಿದ ದಿನ ಅದು ಮೈಮೇಲೆ ಹರಿದುಹೋಗುತ್ತದೆ, ತಂಪು ಮಾಡುವುದಿಲ್ಲ. ಒಮಾನ್ ಸರ್ಕಾರ 2008ರ ಸಚಿವಾಲಯದ ಆದೇಶದ ಮೂಲಕ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಿನ ಕೆಲಸವನ್ನು ನಿಷೇಧಿಸಿತು. ಒಳ್ಳೆಯ ನಿಯಮ. ಆದರೆ ಹಗಲಿಡೀ ದುಡಿದ ಹೃದಯ, ನರಗಳು ಚೇತರಿಸಿಕೊಳ್ಳುವುದು ರಾತ್ರಿಯಲ್ಲಿ. ಲೇಬರ್ ಕ್ಯಾಂಪಿನ ಕೋಣೆ ತಂಪಾಗಿರದಿದ್ದರೆ ಮಧ್ಯಾಹ್ನದ ಮೂರು ಗಂಟೆಯ ಬಿಡುವಿನ ಫಲ ಅರ್ಧಕ್ಕರ್ಧ ಕರಗುತ್ತದೆ ಎಂದೇ ನನ್ನ ಅನಿಸಿಕೆ. ಅಲ್ಲಿ ಎ.ಸಿ. ಐಷಾರಾಮವಲ್ಲ.

ಬಿಸಿಲಾಘಾತದ ಕ್ರೌರ್ಯ ಬೇರೆಯದು. ಒಳಬಿಸಿ 40 ಡಿಗ್ರಿ ದಾಟಿದರೆ ಪೆಟ್ಟು ಬೀಳುವುದು ಮೆದುಳಿಗೆ. ಮಾತು ತೊದಲುತ್ತದೆ, ವಿವೇಚನೆ ಕದಡುತ್ತದೆ. ನಡಿಗೆಯ ಹದ ಕಾಯುವ ಕಿರುಮೆದುಳಿನ ಪುರ್ಕಿಂಜೆ ಕೋಶಗಳು ಶಾಖಕ್ಕೆ ಬಹು ಬೇಗ ಸೋಲುತ್ತವೆ. ಬದುಕುಳಿದವರಲ್ಲಿ ಕೆಲವರು ಮುಂದೆಂದೂ ನೆಟ್ಟಗೆ ನಡೆಯಲಾರರು. ತನಗೆ ಅಪಾಯವಿದೆಯೆಂದು ಹೇಳಬೇಕಾದ ಅಂಗವೇ ಮೊದಲು ಮಂಕಾಗುವುದರಿಂದ ಬಿಸಿಲು ತಗುಲಿದವನು “ಎಂತ ಇಲ್ಲ ಮಾರಾಯ, ಸಾಕಾಗಿದೆ ಅಷ್ಟೆ” ಎಂದರೆ ನಂಬಬಾರದು. ನೋಡಿಕೊಳ್ಳಬೇಕಾದವನು ಪಕ್ಕದಲ್ಲಿ ಇರುವವನು. ಪ್ಯಾರಾಸಿಟಮಾಲ್ ಇಲ್ಲಿ ನಿಷ್ಪ್ರಯೋಜಕ: ಜ್ವರದಲ್ಲಿ ಹೈಪೊಥಲಾಮಸ್ ತಾನೇ ಬಿಸಿಯ ಮಟ್ಟವನ್ನು ಏರಿಸಿಕೊಂಡಿರುತ್ತದೆ, ಬಿಸಿಲಾಘಾತದಲ್ಲಿ ಹಾಗಿಲ್ಲ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ತಣ್ಣೀರು ಸುರಿದು, ಐಸ್ ಇಟ್ಟು ಗಾಳಿ ಹಾಕಬೇಕು. ಇದನ್ನು ಶುರುಮಾಡಲು ಆಂಬುಲೆನ್ಸ್ ಬರಲೆಂದು ಕಾಯಬಾರದು.

ಮಂಗಳೂರಿನ ಅಕ್ಕಿ ಮಸ್ಕತ್‌ಗೆ ಹೋಗುತ್ತಿದ್ದ, ಟಿಪ್ಪು ಸುಲ್ತಾನ್ ಅಲ್ಲಿ ವ್ಯಾಪಾರದ ಕೋಠಿ ಇಟ್ಟಿದ್ದ ಕಾಲದಿಂದಲೂ ನಮ್ಮ ಕರಾವಳಿಗೆ ಆ ದಡದ ಬಳಕೆಯಿದೆ. ಇಂದು ಅಲ್ಲಿ ದುಡಿಯುವವರು ಊರಿನ ಮಳೆಯಲ್ಲಿ ರಜೆ ಮುಗಿಸಿ ನೇರ ಜುಲೈ ಸೆಕೆಗೆ ಇಳಿಯುತ್ತಾರೆ. ಹಳಬರೆಂಬ ಧೈರ್ಯ ಅವರಿಗಿರುತ್ತದೆ. ಆದರೆ ಸೆಕೆಗೆ ಒಗ್ಗಿದ ದೇಹ ಕೆಲವೇ ವಾರಗಳಲ್ಲಿ ಆ ಒಗ್ಗಿಕೆಯನ್ನು ಕಳೆದುಕೊಳ್ಳುತ್ತದೆ. ಮತ್ತೆ ಬೇಗ ಬೆವರಲು, ಬೆವರಿನಲ್ಲಿ ಉಪ್ಪು ಉಳಿಸಲು ಅದು ಒಂದೆರಡು ವಾರ ಕಲಿಯಬೇಕು. ಔದ್ಯೋಗಿಕ ಆರೋಗ್ಯದ ತಜ್ಞರು ಹೊಸಬನಿಗೆ ಮೊದಲ ದಿನ ಬಿಸಿಲಿನ ಕೆಲಸದ ಶೇಕಡಾ 20 ಮಾತ್ರ, ರಜೆಯಿಂದ ಮರಳಿದ ಅನುಭವಿಗೆ ಶೇಕಡಾ 50 ಕೊಟ್ಟು, ದಿನದಿಂದ ದಿನಕ್ಕೆ ಏರಿಸಿ ಎನ್ನುತ್ತಾರೆ. ಸೈಟಿನಲ್ಲಿ ಕೆಲಸ ಹಂಚುವ ಸೂಪರ್‌ವೈಸರ್‌ಗಳಲ್ಲಿ ನಮ್ಮವರೂ ಇದ್ದಾರೆ; ಜುಲೈಯಲ್ಲಿ ವಿಮಾನ ಇಳಿದು ಬರುವವರ ಪಟ್ಟಿ ಅವರ ಕೈಯಲ್ಲೇ ಇರುತ್ತದೆ.